ಬೆಂಗಳೂರಿನ ಕಂಪನಿಗಳ ನೇಮಕಾತಿ ವಿಭಾಗದವರಿಗೆ: ನಮ್ಮ ಮಕ್ಕಳಿಗೆ ಬರುವುದನ್ನೂ ಒಮ್ಮೆ ಕೇಳಿ

ಮಾನ್ಯರೇ,

ನಮಸ್ಕಾರ. 2024ರ ಜುಲೈ ತಿಂಗಳು ನಿಮಗೆ ನೆನಪಿರಬಹುದು. ಖಾಸಗಿ ಕಂಪನಿಗಳ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಕೊಡಬೇಕು ಎಂಬ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಆಗ ಉದ್ಯಮದ ಕಡೆಯಿಂದ ಜಾಸ್ತಿ ಕೇಳಿಬಂದ ಮಾತು ಏನು? ನಾವು ಊರು ನೋಡಿ ಕೆಲಸ ಕೊಡುವುದಿಲ್ಲ, ಕೌಶಲ ನೋಡಿ ಕೊಡುತ್ತೇವೆ ಅಂತ.

ಆ ಮಸೂದೆ ಸರಿಯೋ ತಪ್ಪೋ ಎಂದು ವಾದ ಮಾಡಲು ನಾನು ಈ ಪತ್ರ ಬರೆಯುತ್ತಿಲ್ಲ. ನೀವು ಹೇಳಿದ ಮಾತನ್ನು ನಾನು ನಂಬುತ್ತೇನೆ. ಅದಕ್ಕೇ ಕೇಳುತ್ತಿದ್ದೇನೆ: ಸಂದರ್ಶನದ ಕೋಣೆಯಲ್ಲಿ ನೀವು ಕೌಶಲ ನೋಡುತ್ತಿದ್ದೀರಾ? ಅಲ್ಲಿಗೆ ಹೋಗಿ ಬಂದ ನನ್ನ ವಿದ್ಯಾರ್ಥಿಗಳ ಮಾತು ಕೇಳಿದರೆ ಹಾಗೆ ಅನ್ನಿಸುವುದಿಲ್ಲ.

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಮಾಡುತ್ತೇನೆ. ಪ್ಲೇಸ್‌ಮೆಂಟ್ ಸೆಲ್ ಜವಾಬ್ದಾರಿಯೂ ನನ್ನ ಮೇಲಿದೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ಕಂಪನಿಗಳೇ ಹುಡುಕಿಕೊಂಡು ಹೋಗುತ್ತವೆ. ನಮ್ಮಂಥ ಕಾಲೇಜಿಗೆ ಯಾರೂ ಬರುವುದಿಲ್ಲ. ನಮ್ಮ ಮಕ್ಕಳೇ ನೌಕ್ರಿ ಸೈಟಿನಲ್ಲಿ ಹೆಸರು ಹಾಕುತ್ತಾರೆ, ಉದ್ಯೋಗ ಮೇಳಕ್ಕೆ ಹೋಗಿ ರೆಸ್ಯೂಮೆ ಕೊಟ್ಟು ಬರುತ್ತಾರೆ, ಬೆಂಗಳೂರಿನಲ್ಲಿ ಪಿಜಿಯಲ್ಲಿರುವ ಸೀನಿಯರ್ ಕಳಿಸಿದ ವಾಕ್-ಇನ್ ಮೆಸೇಜ್ ನೋಡಿ ಗಾಡಿ ಹತ್ತುತ್ತಾರೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಬೇಡ. ಅಪ್ಪ ಗಂಗಾವತಿಯ ಎಪಿಎಂಸಿಯಲ್ಲಿ ಹಮಾಲಿ. ಹುಡುಗ ಬಿ.ಕಾಂ. ಓದುತ್ತಲೇ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದ. ಭತ್ತದ ಲೋಡು ಬಂದರೆ ತೂಕದ ಚೀಟಿ, ತೇವಾಂಶಕ್ಕೆ ಕಡಿತ, ಹಮಾಲಿ, ಲಾರಿ ಬಾಡಿಗೆ ಎಲ್ಲವನ್ನೂ ಅವನೇ ಹಾಕಬೇಕು. ಹೊರಗೆ ಹೋಗುವಾಗ ಅಕ್ಕಿಗೆ ಒಂದು ಬಿಲ್, ನುಚ್ಚಿಗೆ ಒಂದು, ತೌಡಿಗೆ ಒಂದು. ಒಂದು ಕ್ವಿಂಟಲ್ ಭತ್ತಕ್ಕೆ 67 ಕೆ.ಜಿ. ಆಸುಪಾಸು ಅಕ್ಕಿ ಬರಬೇಕು. ಕಡಿಮೆ ಬಂದರೆ ಎಲ್ಲಿ ಹೋಯಿತು ಅಂತ ಹುಡುಕುವವನೂ ಅವನೇ. ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕ ಕೊಟ್ಟು ಹಣ ಕಟ್ಟುವ 3ಬಿ. ನಡುವೆ 14ಕ್ಕೆ 2ಬಿ ಬರುತ್ತದೆ, ಅಂದರೆ ಸರಕು ಕೊಟ್ಟವರು ಅಪ್‌ಲೋಡ್ ಮಾಡಿದ ಬಿಲ್‌ಗಳ ಪಟ್ಟಿ. ಅದನ್ನು ಖರೀದಿ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ನೋಡುತ್ತಿದ್ದ. ಯಾರೋ ಬಿಲ್ ಅಪ್‌ಲೋಡ್ ಮಾಡಿಲ್ಲ ಅಂತ ಗೊತ್ತಾದರೆ ಅವರಿಗೆ ಫೋನ್ ಮಾಡಿ, ಬೆನ್ನು ಹತ್ತಿ ಹಾಕಿಸುತ್ತಿದ್ದ.

2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ. ವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಅದಾದ ಮೇಲೆ ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡಿತು. ಯಾಕೆ 26? ತೆರಿಗೆ ಇಲ್ಲದ ಚೀಲ ಮಾರಿದರೆ ಗಿರಣಿಯವರು ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ತಾವು ಕೊಟ್ಟ, ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದಾದ ತೆರಿಗೆ, ಎಷ್ಟು ಬಿಟ್ಟುಕೊಡಬೇಕು? ಇದನ್ನು ಆ ಹುಡುಗ ನನ್ನ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ. ಉಳಿದವರಿಗೆ ಇನ್‌ಪುಟ್ ಕ್ರೆಡಿಟ್ ಸರಿಯಾಗಿ ಅರ್ಥವಾಗಿದ್ದು ಅವತ್ತೇ. ಪುಸ್ತಕ ಹಿಡಿದು ನಾನು ಹೇಳಿದಾಗ ಅಷ್ಟು ಅರ್ಥವಾಗಿರಲಿಲ್ಲ.

ಅವನು ಬೆಂಗಳೂರಿಗೆ ಅಕೌಂಟ್ಸ್ ಪೇಯಬಲ್ ಕೆಲಸದ ಸಂದರ್ಶನಕ್ಕೆ ಹೋದ. ಸರಕು ಕೊಟ್ಟವರ ಬಿಲ್‌ಗಳನ್ನು ಆರ್ಡರಿನ ಜೊತೆ ತಾಳೆ ನೋಡಿ ಹಣ ಬಿಡುಗಡೆಗೆ ಕಳಿಸುವ ಕೆಲಸ. ಎರಡು ವರ್ಷದಿಂದ ಅವನು ಮಾಡುತ್ತಿದ್ದುದೇ ಅದು. ಒಳಗೆ ಕೇಳಿದ್ದು: ನಿನ್ನ ಬಗ್ಗೆ ಹೇಳು. ನಿನ್ನ ಬಲ ಏನು, ದೌರ್ಬಲ್ಯ ಏನು. ಐದು ವರ್ಷದ ನಂತರ ಎಲ್ಲಿರುತ್ತೀಯ. ಹವ್ಯಾಸ ಏನು. ಎಲ್ಲಾ ಇಂಗ್ಲಿಷಿನಲ್ಲಿ, ಎಲ್ಲಾ ಹತ್ತೇ ನಿಮಿಷದಲ್ಲಿ. ಕೊನೆಗೆ ‘ಕಮ್ಯುನಿಕೇಶನ್ ಸಾಲದು’ ಎಂದರಂತೆ. ವಾಪಸ್ ಬಂದು ಅವನು ಹೇಳಿದ್ದು ಒಂದೇ ಮಾತು: “ನನಗ ಬರೋದು ಏನೂ ಕೇಳ್ಲೇ ಇಲ್ರೀ ಮೇಡಂ.”

ಆ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಹೆಸರು ಹೇಳಿದರೆ ಉಳಿದವರು ‘ಇದು ನಮ್ಮ ಕಥೆ ಅಲ್ಲ’ ಅಂದುಕೊಂಡುಬಿಡುತ್ತೀರಿ. ಇದು ಬಹಳ ಕಂಪನಿಗಳ ಕಥೆ.

ಇಂಗ್ಲಿಷ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಗ್ರಾಹಕರ ಜೊತೆ ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸವಾದರೆ ಮಾತು ನೋಡಲೇಬೇಕು. ಆದರೆ ಬಿಲ್ ತಾಳೆ ನೋಡುವವರಿಗೆ, ಗೋದಾಮಿನ ಸ್ಟಾಕ್ ಬರೆಯುವವರಿಗೆ, ಪೇರೋಲ್ ಲೆಕ್ಕ ಹಾಕುವವರಿಗೆ ಬೇಕಾಗಿರುವುದು ಇಮೇಲ್ ಓದಿ ಅರ್ಥಮಾಡಿಕೊಂಡು ನಾಲ್ಕು ಸಾಲಿನ ಉತ್ತರ ಬರೆಯುವಷ್ಟು ಇಂಗ್ಲಿಷ್. ಅದನ್ನೇ ಪರೀಕ್ಷೆ ಮಾಡಿ. ಒಂದು ಇಮೇಲ್ ಕೊಟ್ಟು ‘ಇದಕ್ಕೆ ಉತ್ತರ ಬರೆ’ ಎನ್ನಿ. ನಮ್ಮ ಮಕ್ಕಳು ಬರೆಯುತ್ತಾರೆ. ಬರೆಯಲು ಬಾರದವರನ್ನು ಬಿಡಿ, ನಾನು ಕೇಳುವುದಿಲ್ಲ. ಅದು ಬಿಟ್ಟು ‘ಎಂಟಿಐ ಜಾಸ್ತಿ ಇದೆ’ ಎಂದು ಫಾರಂ ಮೇಲೆ ಬರೆಯುತ್ತೀರಲ್ಲ, ಮಾತಾಡುವಾಗ ಮನೆಮಾತಿನ ಧಾಟಿ ಕೇಳಿಸುತ್ತದೆ ಅಂತ, ಅದಕ್ಕೂ ಎಕ್ಸೆಲ್ ಶೀಟಿಗೂ ಏನು ಸಂಬಂಧ? ಕೆಲವು ಕಡೆ ಮೊದಲ ಸುತ್ತಿನಲ್ಲಿ ಮನುಷ್ಯರೇ ಇರುವುದಿಲ್ಲ. ಕಂಪ್ಯೂಟರ್ ಮುಂದೆ ಇಂಗ್ಲಿಷ್ ವಾಕ್ಯ ಓದಿಸಿ, ಉಚ್ಚಾರಣೆಗೆ ಕಂಪ್ಯೂಟರೇ ಅಂಕ ಕೊಡುತ್ತದೆ. ಹುಡುಗಿ ಲೆಕ್ಕದಲ್ಲಿ ಎಷ್ಟು ಜಾಣೆ ಎಂದು ಕೇಳುವ ಮೊದಲೇ ಅವಳು ಹೊರಗೆ.

ಇದರಿಂದ ನಮ್ಮ ಕಾಲೇಜುಗಳಲ್ಲಿ ಏನಾಗಿದೆ ಗೊತ್ತಾ? ನೀವು ಏನು ಕೇಳುತ್ತೀರೋ ಅದನ್ನೇ ನಾವು ಕಲಿಸುತ್ತಿದ್ದೇವೆ. ಕೊನೆಯ ಸೆಮಿಸ್ಟರ್‌ನಲ್ಲಿ ಬ್ಯಾಂಕ್ ಪಾಸ್‌ಬುಕ್ಕಿಗೂ ಕ್ಯಾಶ್ ಬುಕ್ಕಿಗೂ ತಾಳೆ ಹಾಕುವುದನ್ನು ಇನ್ನೊಂದು ಹತ್ತು ಸಲ ಮಾಡಿಸಬೇಕು. ಆ ಹೊತ್ತಿನಲ್ಲಿ ಸೆಲ್ಫ್ ಇಂಟ್ರೊಡಕ್ಷನ್ ಬಾಯಿಪಾಠ ಮಾಡಿಸುತ್ತಿದ್ದೇವೆ. ಶನಿವಾರ ಮಾಕ್ ಇಂಟರ್‌ವ್ಯೂ ಇಟ್ಟರೆ ಯೂಟ್ಯೂಬ್ ನೋಡಿ ಕಲಿತ ಅದೇ ಉತ್ತರ ಎಲ್ಲರದೂ. ‘ನಾನು ಹಿಡಿದ ಕೆಲಸ ಮುಗಿಯುವವರೆಗೂ ಬಿಡುವುದಿಲ್ಲ, ಅದೇ ನನ್ನ ದೌರ್ಬಲ್ಯ’ ಅಂತ ಸಾಲಾಗಿ ಹೇಳುತ್ತಾರೆ. ಅದು ನಿಜ ಅಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು, ಕೇಳುವ ನಿಮಗೂ ಗೊತ್ತು. ಇಪ್ಪತ್ತೊಂದು ವರ್ಷದ ಮಕ್ಕಳಿಗೆ ನಾವೆಲ್ಲ ಸೇರಿ ಸುಳ್ಳು ಹೇಳುವುದನ್ನು ಕಲಿಸುತ್ತಿದ್ದೇವೆ. ನನಗೆ ಇದು ಬಹಳ ನೋವಿನ ವಿಷಯ. ನೀವು ಸಂದರ್ಶನದಲ್ಲಿ 2ಬಿ ತಾಳೆ ಹಾಕಲು ಕೊಟ್ಟರೆ ನಾಳೆಯಿಂದಲೇ ನಾನು ಕ್ಲಾಸಿನಲ್ಲಿ ಅದನ್ನು ಮಾಡಿಸುತ್ತೇನೆ. ಆಗ ಸಂದರ್ಶನದ ತಯಾರಿ, ಕೆಲಸದ ತಯಾರಿ ಎರಡೂ ಒಂದೇ ಆಗುತ್ತದೆ.

ಇದು ನಾನೊಬ್ಬಳು ಹೇಳುವ ಮಾತಲ್ಲ. ನಿಮ್ಮ ಕ್ಷೇತ್ರದ ಪಂಡಿತರೇ ಹೇಳಿದ್ದು. 1998ರಲ್ಲಿ ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಮಾಡಿ ನೋಡಿದರು. ಯಾವ ರೀತಿ ಆಯ್ಕೆ ಮಾಡಿದರೆ ಮುಂದೆ ಚೆನ್ನಾಗಿ ಕೆಲಸ ಮಾಡುವವರು ಸಿಗುತ್ತಾರೆ ಎಂಬುದೇ ಪ್ರಶ್ನೆ. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ, ಎಲ್ಲರಿಗೂ ಅದೇ ಪ್ರಶ್ನೆ ಕೇಳಿ, ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟುಕೊಂಡು ಮಾಡುವ ಸಂದರ್ಶನ ಎಷ್ಟೋ ಮೇಲು ಎಂದು ಅವರು ಕಂಡರು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಆ ಹಳೆಯ ಲೆಕ್ಕಗಳನ್ನೆಲ್ಲ ಮತ್ತೆ ಮಾಡಿದರು. ಬಹಳಷ್ಟು ಅಂಕಿಗಳು ಕೆಳಗಿಳಿದವು. ಆದರೆ ಹಾಗೆ ತಯಾರಿ ಮಾಡಿಕೊಂಡು ನಡೆಸುವ ಸಂದರ್ಶನವೇ ಪಟ್ಟಿಯ ಮೇಲ್ತುದಿಗೆ ಬಂತು. ಎಂಬಿಎ ಓದಿದ ನಿಮ್ಮಲ್ಲಿ ಅನೇಕರು ಇದನ್ನು ಕ್ಲಾಸಿನಲ್ಲಿ ಓದಿಯೇ ಇರುತ್ತೀರಿ. ಹಾಗಿದ್ದೂ ಯಾಕೆ ಮಾಡುವುದಿಲ್ಲ? ಒಂದು ದಿನಕ್ಕೆ ನೂರು ಜನರನ್ನು ಮುಗಿಸಬೇಕು, ಮೇಲಿನಿಂದ ಒತ್ತಡ ಇದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಪ್ರಶ್ನೆ ಬರೆದಿಟ್ಟುಕೊಳ್ಳಲು ಒಂದು ಮಧ್ಯಾಹ್ನ ಸಾಕು. ಆಮೇಲೆ ನೂರು ಜನಕ್ಕೂ ಅದೇ ಪಟ್ಟಿ.

ಇನ್ನೊಂದು ಪ್ರಶ್ನೆ ಇದೆ. ಅದನ್ನು ಮಾತ್ರ ದಯವಿಟ್ಟು ಪೂರ್ತಿ ಕೈಬಿಡಿ. ‘ನಿನ್ನ ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಹೇಳು.’ ಮನೆಯಲ್ಲಿ ಯಾರು ಯಾರಿದ್ದಾರೆ, ಅಪ್ಪ ಏನು ಮಾಡುತ್ತಾರೆ, ಊರಲ್ಲಿ ಎಲ್ಲಿ ಮನೆ. ನೀವು ಮಾತಿಗೆ ಸಲುಗೆ ಬರಲಿ ಅಂತ ಕೇಳುತ್ತಿರಬಹುದು. ಕೂತಿರುವ ಹುಡುಗಿಗೆ ಹಾಗೆ ಕೇಳಿಸುವುದಿಲ್ಲ. ನಮ್ಮ ಕಡೆ ಅಪ್ಪನ ಕಸುಬು ಹೇಳಿದರೆ ಜಾತಿ ಹೇಳಿದ ಹಾಗೆ. 2007ರಲ್ಲಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ನೇಮಕಾತಿ ಅಧಿಕಾರಿಗಳನ್ನೇ ಮಾತಾಡಿಸಿ ಬರೆದರು: ನಾವು ಪ್ರತಿಭೆ ಒಂದನ್ನೇ ನೋಡುತ್ತೇವೆ ಎಂದವರೇ ಮನೆತನದ ಹಿನ್ನೆಲೆಯೂ ಮುಖ್ಯ ಎಂದು ಹೇಳುತ್ತಿದ್ದರು. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಪೇಪರಿನಲ್ಲಿ ಬಂದ ಖಾಸಗಿ ಕೆಲಸಗಳ ಜಾಹೀರಾತಿಗೆ ಒಂದೇ ಥರದ ವಿದ್ಯೆ, ಅನುಭವ ಇರುವ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ್ದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಓದು ಅದೇ, ಹೆಸರು ಮಾತ್ರ ಬೇರೆ.

ಅಪ್ಪ ಹಮಾಲಿ ಅಂತ ಹೇಳಲೋ ‘ಬಿಸಿನೆಸ್’ ಅಂತ ಹೇಳಲೋ ಎಂದು ಮಕ್ಕಳು ನನ್ನನ್ನು ಕೇಳುತ್ತಾರೆ. ಇದ್ದದ್ದನ್ನೇ ಹೇಳಿ, ತಲೆ ಎತ್ತಿ ಹೇಳಿ ಎನ್ನುತ್ತೇನೆ. ಆದರೆ ಆ ಉತ್ತರ ಹೇಳಿದ ಮೇಲೆ ಕೋಣೆಯಲ್ಲಿ ಏನಾಗುತ್ತದೆ ಎಂಬುದು ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ.

ಈಗ ಓಡಾಟದ ವಿಷಯ. ಶುಕ್ರವಾರ ಸಂಜೆ ಮೇಲ್ ಬರುತ್ತದೆ. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ವೈಟ್‌ಫೀಲ್ಡ್‌ನಲ್ಲಿ ಇರಬೇಕು. ಭಾನುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಜನರಲ್ ಬೋಗಿಯಲ್ಲಿ ಕೂತೋ ನಿಂತೋ ಹೋಗುತ್ತಾರೆ. ನಿದ್ದೆ ಇಲ್ಲ. ಮೆಜೆಸ್ಟಿಕ್ ಹತ್ತಿರ ಸುಲಭ ಶೌಚಾಲಯದಲ್ಲಿ ಸ್ನಾನ ಮಾಡಿ, ಬ್ಯಾಗಿನಲ್ಲಿ ಮಡಚಿಟ್ಟ ಇಸ್ತ್ರಿ ಅಂಗಿ ಹಾಕಿಕೊಂಡು ಮೆಟ್ರೋ ಹತ್ತುತ್ತಾರೆ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದದ್ದು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಶುರುವಾದದ್ದು ಇವರಿಗೆ ದೊಡ್ಡ ಉಪಕಾರ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಬಸ್ಸಿನಲ್ಲಿ ಚಾರ್ಜ್ ಇಲ್ಲ. ಆದರೆ ಮನೆಯವರು ಒಬ್ಬಳನ್ನೇ ಕಳಿಸುವುದಿಲ್ಲ. ಜೊತೆಗೆ ಅಪ್ಪನೋ ಅಣ್ಣನೋ ಹೋಗುತ್ತಾರೆ, ಅವರ ಟಿಕೆಟ್, ಅವರ ಎರಡು ದಿನದ ಕೂಲಿ ಹೋದಂತೆ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಬರುತ್ತದೆ, ಅದೂ ಎರಡು ವರ್ಷ. ನಮ್ಮ ಮಕ್ಕಳ ಆ ಹಣದಲ್ಲಿ ಜಾಸ್ತಿ ಪಾಲು ನಿಮ್ಮ ಆಫೀಸಿಗೆ ಬಂದು ಹೋಗುವುದಕ್ಕೇ ಮುಗಿಯುತ್ತದೆ.

ಇಷ್ಟೆಲ್ಲ ಮಾಡಿ ಬಂದವರಿಗೆ ಹತ್ತು ನಿಮಿಷ. ಅದೂ ವಿಡಿಯೊ ಕಾಲ್‌ನಲ್ಲಿ ಮಾಡಬಹುದಾಗಿದ್ದ ಹತ್ತು ನಿಮಿಷ. ಕೆಲವೊಮ್ಮೆ ಗೇಟಿನಲ್ಲೇ ‘ಆ ಪೋಸ್ಟ್ ಹೋಲ್ಡ್ ಆಗಿದೆ’ ಎನ್ನುತ್ತಾರೆ. ಮೊದಲ ಸುತ್ತಿಗೆ ಯಾರನ್ನೂ ನೂರಾರು ಕಿಲೋಮೀಟರ್ ದೂರದಿಂದ ಕರೆಸಬೇಡಿ. ಕರೆಸಲೇಬೇಕಾದರೆ ಒಂದು ವಾರ ಮೊದಲು ಹೇಳಿ, ಸೆಕೆಂಡ್ ಕ್ಲಾಸ್ ಟ್ರೇನ್ ಚಾರ್ಜ್ ಕೊಡಿ. ನಿಮ್ಮ ಬಜೆಟ್ಟಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

‘ಗ್ಯಾಪ್’ ಬಗ್ಗೆಯೂ ಒಂದು ಮಾತು. ಡಿಗ್ರಿ ಆಗಿ ಮೂರು ವರ್ಷ ಖಾಲಿ ಇದೆಯಲ್ಲ ಅಂತ ರೆಸ್ಯೂಮೆ ಪಕ್ಕಕ್ಕಿಡುತ್ತೀರಿ. ಆ ಮೂರು ವರ್ಷ ಆ ಹುಡುಗ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು. ಅಕ್ರಮ ಹೊರಬಂದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟಿನಲ್ಲಿ ಆಗಿ, ಕನ್ನಡ ಅನುವಾದದ ತಪ್ಪುಗಳಿಂದ ಡಿಸೆಂಬರಿನಲ್ಲಿ ಮತ್ತೆ ಬರೆಸಿದರು. ಈ ಮಕ್ಕಳು ಸೋಮಾರಿಗಳಲ್ಲ. ದಿನಕ್ಕೆ ಹತ್ತು ಗಂಟೆ ಲೈಬ್ರರಿಯಲ್ಲಿ ಕೂತವರು. ಗ್ಯಾಪ್ ಯಾಕೆ ಅಂತ ಕೇಳಿ, ಉತ್ತರ ಕೇಳಿಸಿಕೊಳ್ಳಿ, ಆಮೇಲೆ ತೀರ್ಮಾನ ಮಾಡಿ.

ಸಂದರ್ಶನ ಮುಗಿದ ಮೇಲೆ ‘ತಿಳಿಸುತ್ತೇವೆ’ ಎಂದು ಕಳಿಸುತ್ತೀರಿ. ತಿಳಿಸುವುದಿಲ್ಲ. ನಿಮಗೆ ಅದು ಮರೆತುಹೋದ ಒಂದು ಸಣ್ಣ ವಿಷಯ. ಇಲ್ಲಿ ಒಂದು ಮನೆಯವರೆಲ್ಲ ಆ ಫೋನಿಗಾಗಿ ಕಾಯುತ್ತಿರುತ್ತಾರೆ. ಗಂಗಾವತಿಯ ಗಿರಣಿಯವರು ಸಂಬಳ ಜಾಸ್ತಿ ಮಾಡುತ್ತೇನೆ ಬಾ ಎಂದರೆ, ಬೆಂಗಳೂರಿನದು ಗೊತ್ತಾಗಲಿ ಅಂತ ಹುಡುಗ ತಡೆಯುತ್ತಾನೆ. ಅಷ್ಟರಲ್ಲಿ ಗಿರಣಿಗೆ ಬೇರೆಯವರು ಸೇರಿರುತ್ತಾರೆ. ಆಗಲಿಲ್ಲ ಎಂದು ಹೇಳುವುದು ಅವಮಾನ ಮಾಡಿದಂತೆ ಅಲ್ಲ. ಏಳು ದಿನದೊಳಗೆ ಒಂದು ಮೆಸೇಜ್ ಕಳಿಸಿ. ಯಾವುದರಲ್ಲಿ ಕಡಿಮೆ ಆಯಿತು ಎಂದು ಒಂದು ಸಾಲು ಸೇರಿಸಿದರೆ ಮುಂದಿನ ಸಲಕ್ಕೆ ನಾನೇ ಅದನ್ನು ತಿದ್ದಿಸುತ್ತೇನೆ. ‘ಎಕ್ಸೆಲ್‌ನಲ್ಲಿ ವಿ-ಲುಕಪ್ (ಒಂದು ಪಟ್ಟಿಯ ಮಾಹಿತಿಯನ್ನು ಇನ್ನೊಂದರಿಂದ ಹುಡುಕಿ ತರುವ ಸೂತ್ರ) ಬರಲಿಲ್ಲ’ ಎಂದು ಒಬ್ಬರು, ಒಬ್ಬರೇ ಒಬ್ಬರು, ಒಮ್ಮೆ ಬರೆದು ಕಳಿಸಿದ್ದರು. ಆ ಹುಡುಗಿ ಎರಡು ವಾರದಲ್ಲಿ ಅದನ್ನು ಕಲಿತಳು. ಈಗ ಬೇರೆ ಕಡೆ ಕೆಲಸದಲ್ಲಿದ್ದಾಳೆ. ಆ ಮೇಲ್ ಬರೆದವರಿಗೆ ನಾನು ಋಣಿ.

ನಿಮ್ಮ ಮೌನದ ಜಾಗದಲ್ಲಿ ಬೇರೆಯವರು ಬಂದು ಕೂರುತ್ತಾರೆ. ‘ನಿನ್ನ ರೆಸ್ಯೂಮೆ ಆಯ್ಕೆ ಆಗಿದೆ, ರಿಜಿಸ್ಟ್ರೇಶನ್ ಫೀ ಕಟ್ಟು’ ಎಂದು ದೊಡ್ಡ ಕಂಪನಿಯ ಹೆಸರಿನಲ್ಲಿ ಫೋನ್ ಬರುತ್ತದೆ. ಟ್ರೈನಿಂಗ್ ಫೀ, ಲ್ಯಾಪ್‌ಟಾಪ್ ಡಿಪಾಸಿಟ್, ಯೂನಿಫಾರ್ಮ್ ದುಡ್ಡು ಎಂದು ವಸೂಲಿ ಮಾಡುತ್ತಾರೆ. ಕೆಲವರು ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೇ ಇಟ್ಟುಕೊಂಡು ಕೊಡುವುದಿಲ್ಲ. ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ: ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗಲ್ಲ. ಯುಪಿಐ ನಂಬರ್ ಕಳಿಸಿದರೆ ಅಲ್ಲಿಗೇ ನಿಲ್ಲಿಸಿ. ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆದರೆ ನಾನು ಹೇಳಿದರೆ ಸಾಲದು. ‘ನಮ್ಮಲ್ಲಿ ಯಾವ ಹಂತದಲ್ಲೂ ಹಣ ಕೇಳುವುದಿಲ್ಲ, ನಮ್ಮ ಮೇಲ್ ಈ ವಿಳಾಸದಿಂದ ಮಾತ್ರ ಬರುತ್ತದೆ’ ಎಂದು ನಿಮ್ಮ ಕೆರಿಯರ್ಸ್ ಪುಟದಲ್ಲಿ ಕನ್ನಡದಲ್ಲೂ ದೊಡ್ಡದಾಗಿ ಹಾಕಿ. ನಿಮಗೆ ಜನ ಒದಗಿಸುವ ಏಜೆನ್ಸಿಗಳು ಕೆಳಗೆ ಯಾರ ಮೂಲಕ ಕರೆಸುತ್ತಾರೆ, ಅವರು ಏನು ವಸೂಲಿ ಮಾಡುತ್ತಾರೆ ಎಂದು ವಿಚಾರಿಸಿ.

ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಪರೀಕ್ಷೆ ಬರೆಸು, ಬೇಕಿದ್ದರೆ ಟೈಪಿಂಗ್‌ನಂಥ ಕೌಶಲ ನೋಡು, ಆಯ್ಕೆ ಮಾಡು. ನೀವು ಅಷ್ಟು ದೂರ ಹೋಗಿ ಎಂದು ನಾನು ಕೇಳುತ್ತಿಲ್ಲ. ಎದುರಿಗೆ ಕೂತು ಮಾತಾಡಬೇಕು, ಸರಿ. ಆದರೆ ಮೊದಲ ಅರ್ಧ ಗಂಟೆ ಒಂದು ಕೆಲಸ ಕೊಡಿ. ಇಪ್ಪತ್ತು ಬಿಲ್ ಕೊಟ್ಟು ಅದರಲ್ಲಿ ತಪ್ಪಿರುವ ಮೂರನ್ನು ಹುಡುಕಲು ಹೇಳಿ. ಹೇಗೆ ಹುಡುಕಿದೆ ಎಂದು ಕೇಳುವಾಗ ಕನ್ನಡದಲ್ಲಿ ಹೇಳಲು ಬಿಡಿ. ನಿಮ್ಮ ಟೀಮಿನಲ್ಲಿ ಕನ್ನಡ ಬರುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಆಮೇಲೆ ನಿಮ್ಮ ಉಳಿದ ಪ್ರಶ್ನೆ ಕೇಳಿ.

ಇದಕ್ಕೆ ಜಾಗ ನಾವು ಕೊಡುತ್ತೇವೆ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಶನಿವಾರ ಮಧ್ಯಾಹ್ನ ಖಾಲಿ ಇರುತ್ತದೆ. ಇಂಟರ್ನೆಟ್ ಇದೆ, ಕರೆಂಟ್ ಹೋದರೆ ಯುಪಿಎಸ್ ಇದೆ. ಮಕ್ಕಳ ಗುರುತಿನ ಚೀಟಿ ನೋಡಿ ಒಳಗೆ ಬಿಡುವುದು, ಯಾರೂ ಫೋನ್ ತೆಗೆಯದಂತೆ ಕಾಯುವುದು, ಪ್ರಶ್ನೆಪತ್ರಿಕೆ ಗುಟ್ಟಾಗಿ ಇಡುವುದು ನಮಗೆ ಹೊಸದೇನಲ್ಲ. ಸೆಮಿಸ್ಟರ್ ಪರೀಕ್ಷೆಯಲ್ಲಿ ಅದನ್ನೇ ಮಾಡುತ್ತೇವೆ. ಪಕ್ಕದ ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರ ಜೊತೆಯೂ ಮಾತಾಡಿದ್ದೇನೆ, ಅವರೂ ಮಕ್ಕಳನ್ನು ಕಳಿಸುತ್ತಾರೆ. ನೀವು ಬೆಂಗಳೂರಿನಲ್ಲೇ ಕೂತು ವಿಡಿಯೊದಲ್ಲಿ ನೋಡಿ. ಬೇಕೆನಿಸಿದವರನ್ನು ಮಾತ್ರ ಎರಡನೇ ಸುತ್ತಿಗೆ ಅಲ್ಲಿಗೆ ಕರೆಸಿ. ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಒಂದು ತಿಂಗಳು ಮೊದಲು ನಿಮ್ಮ ಹುದ್ದೆಗೆ ಏನೇನು ಬರಬೇಕು ಎಂದು ಬರೆದು ಯಾವ ಸರ್ಕಾರಿ ಪದವಿ ಕಾಲೇಜಿನ ಪ್ರಾಂಶುಪಾಲರಿಗೆ ಕಳಿಸಿದರೂ ಸಾಕು, ಅದು ನಮ್ಮಂಥವರ ಕೈಗೆ ಬರುತ್ತದೆ. ಆ ಪಟ್ಟಿಯಲ್ಲಿ ಇರುವುದನ್ನೆಲ್ಲ ಕಲಿಸಿ ಕಳಿಸುವುದು ನನ್ನ ಜವಾಬ್ದಾರಿ.

ಇಂತಿ ನಿಮ್ಮ ವಿಶ್ವಾಸಿ,
ವಾಣಿಜ್ಯ ಅಧ್ಯಾಪಕಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು,
ಕೊಪ್ಪಳ ಜಿಲ್ಲೆ